ಋತುಕಾಲದ ಆರಾಧನೆ, ಕಾಣಿಕೆ, ನಿರಾಶ್ರಿತರ ಸ್ವಾಗತ: ಪದೇ ಪದೇ ಕೇಳುವ ಪ್ರಶ್ನೆಗಳು

ಆರಾಧನೆ ಮುಗಿದ ಮೇಲೆ ಬಾಗಿಲ ಬಳಿ ನಿಂತು ಕೇಳಿದವು, ಪತ್ರದಲ್ಲಿ ಬಂದವು, ರಾತ್ರಿ ಹೊತ್ತು ಫೋನ್ ಮಾಡಿ ಹಿಂಜರಿಯುತ್ತಾ ಕೇಳಿದವು. ನಮ್ಮ ಕ್ರೈಸ್ತ ಸಭೆಯ, ಅಂದರೆ ಚರ್ಚಿನ, ಸ್ವಾಗತ ತಂಡದಲ್ಲಿ ಕೆಲಸ ಮಾಡುತ್ತಾ ಇಂಥ ಪ್ರಶ್ನೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತಾ ಬಂದೆ. ಕೇಳಿದವರ ಮಾತನ್ನು ತಿದ್ದದೆ, ಕೇಳಿದ ಹಾಗೆಯೇ ಇಲ್ಲಿ ಕೊಟ್ಟಿದ್ದೇನೆ. ಪಂಗಡದಿಂದ ಪಂಗಡಕ್ಕೆ ಹೆಸರುಗಳು ಬೇರೆಯಾಗುತ್ತವೆ: ಒಬ್ಬರು ಬಲಿಪೂಜೆ ಎಂದರೆ ಇನ್ನೊಬ್ಬರು ಪ್ರಭುಭೋಜನ ಎನ್ನುತ್ತಾರೆ. ನಿಮ್ಮ ಸಭೆಯ ಮಾತಿಗೆ ಹೊಂದಿಸಿಕೊಂಡು ಓದಿ.

## ಮೊದಲ ಸಲ ಬರುವವರು ಕೇಳುವುದು

ನಾನು ಕ್ರೈಸ್ತನಲ್ಲ. ಸುಮ್ಮನೆ ಬಂದು ಹಿಂದೆ ಕೂತ್ಕೊಂಡ್ರೆ ಯಾರಾದ್ರೂ ಏನಾದ್ರೂ ಅಂದ್ಕೋತಾರಾ?

ಅಂದುಕೊಳ್ಳಬಾರದು. ಅಂದುಕೊಂಡರೆ ತಪ್ಪು ಅವರದು. ಎಲ್ಲರೂ ಎದ್ದಾಗ ಏಳಲೇಬೇಕು, ಹಾಡಲೇಬೇಕು ಎಂಬ ಒತ್ತಾಯ ನಿಮಗಿಲ್ಲ. ಒಂದೇ ಒಂದು ವಿಷಯ ಮೊದಲೇ ತಿಳಿದಿರಲಿ: ರೊಟ್ಟಿ ಮತ್ತು ದ್ರಾಕ್ಷಾರಸ ಹಂಚುವ ಹೊತ್ತಿನಲ್ಲಿ ಹಲವು ಸಭೆಗಳು ದೀಕ್ಷಾಸ್ನಾನ ಪಡೆದವರಿಗೆ ಮಾತ್ರ ಕೊಡುತ್ತವೆ. ಆಗ ಕೂತಲ್ಲೇ ಕೂತಿರಬಹುದು. ಅದು ಅವಮಾನವಲ್ಲ, ಯಾರೂ ಲೆಕ್ಕ ಇಡುವುದಿಲ್ಲ.

ಕ್ರಿಸ್ಮಸ್, ಈಸ್ಟರ್ ಎರಡೇ ಹಬ್ಬ ಅಂದ್ಕೊಂಡಿದ್ದೆ. ಆ ಕಾಲ, ಈ ಕಾಲ ಅಂತ ಇಷ್ಟೊಂದು ಯಾಕೆ?

ಹಬ್ಬ ಒಂದು ದಿನದ್ದು. ಕಾಲ ಎನ್ನುವುದು ಆ ದಿನಕ್ಕೆ ಮನಸ್ಸನ್ನು ಹದಗೊಳಿಸುವ ವಾರಗಳು. ಪಾಶ್ಚಾತ್ಯ ಸಭೆಗಳಲ್ಲಿ, ಅಂದರೆ ಕಥೋಲಿಕ ಮತ್ತು ಹಲವು ಪ್ರಾಟೆಸ್ಟಂಟ್ ಸಭೆಗಳಲ್ಲಿ, ವರ್ಷ ಶುರುವಾಗುವುದು ಜನವರಿಯಲ್ಲಲ್ಲ, ಆಗಮನ ಕಾಲದಲ್ಲಿ. ಕ್ರಿಸ್ಮಸ್‌ಗೆ ಹಿಂದಿನ ನಾಲ್ಕನೇ ಭಾನುವಾರ, ಅಂದರೆ ನವೆಂಬರ್ 27ರಿಂದ ಡಿಸೆಂಬರ್ 3ರೊಳಗೆ ಬರುವ ಒಂದು ಭಾನುವಾರ ಅದು ಮೊದಲಾಗುತ್ತದೆ. ಕಾಯುವ ಕಾಲ ಅದು. ಆಮೇಲೆ ಕ್ರಿಸ್ಮಸ್, ಜನವರಿ 6ಕ್ಕೆ ಜ್ಞಾನಿಗಳ ಭೇಟಿಯನ್ನು ನೆನೆಯುವ ಹಬ್ಬ. ನಂತರ ಬೂದಿ ಬುಧವಾರದಿಂದ ಲೆಂಟ್, ಈಸ್ಟರ್‌ಗೆ ಮುಂಚಿನ ಉಪವಾಸ, ಪಶ್ಚಾತ್ತಾಪದ ಕಾಲ. ಭಾನುವಾರಗಳನ್ನು ಬಿಟ್ಟು ಎಣಿಸಿದರೆ 40 ದಿನ. ಗರಿಗಳ ಭಾನುವಾರ, ಶುಭ ಶುಕ್ರವಾರ, ಈಸ್ಟರ್. ಈಸ್ಟರ್‌ನಿಂದ ಎಣಿಸಿದರೆ ಐವತ್ತನೇ ದಿನ ಪೆಂತೆಕೋಸ್ತ್, ಶಿಷ್ಯರ ಮೇಲೆ ಪವಿತ್ರಾತ್ಮ ಇಳಿದುದನ್ನು ನೆನೆಯುವ ಹಬ್ಬ.

ಉಳಿದದ್ದೆಲ್ಲ ಸಾಧಾರಣ ಕಾಲ. ರೋಮನ್ ಕಥೋಲಿಕ ಪದ್ಧತಿಯಲ್ಲಿ ಅದು ವರ್ಷಕ್ಕೆ 33 ಅಥವಾ 34 ವಾರ. ಹಾಡು, ಅಲಂಕಾರ, ಜನ ಎಲ್ಲವೂ ಕಡಿಮೆಯಿರುವ ವಾರಗಳು. ನನ್ನ ಅನುಭವದಲ್ಲಿ ಒಂದು ಸಭೆಯ ಗಟ್ಟಿತನ ಗೊತ್ತಾಗುವುದು ಈ ವಾರಗಳಲ್ಲೇ. ಈ ಮಾತಿಗೆ ಕೆಳಗೆ ಮತ್ತೆ ಬರುತ್ತೇನೆ.

ಈಸ್ಟರ್ ತಾರೀಖು ವರ್ಷ ವರ್ಷ ಯಾಕೆ ಬದಲಾಗುತ್ತೆ?

ಅದು ಚಂದ್ರನನ್ನು ನೋಡಿಕೊಂಡು ಬರುವ ಹಬ್ಬ. ಮಾರ್ಚ್ 21ರಂದು ಅಥವಾ ಆಮೇಲೆ ಬರುವ ಮೊದಲ ಹುಣ್ಣಿಮೆಯ ನಂತರದ ಭಾನುವಾರ ಈಸ್ಟರ್. ಈ ಹುಣ್ಣಿಮೆಯನ್ನು ಸಭೆಯ ಪಟ್ಟಿಯ ಪ್ರಕಾರ ಲೆಕ್ಕ ಹಾಕುತ್ತಾರೆ. ಹಾಗಾಗಿ ಹಬ್ಬ ಮಾರ್ಚ್ 22ರಿಂದ ಏಪ್ರಿಲ್ 25ರೊಳಗೆ ಎಲ್ಲಾದರೂ ಬೀಳಬಹುದು. ಎಲ್ಲರೂ ಒಂದೇ ಭಾನುವಾರ ಆಚರಿಸಬೇಕೆಂದು 325ರಲ್ಲಿ ನೈಸಿಯದ ಮಹಾಸಭೆ ತೀರ್ಮಾನಿಸಿತ್ತು. ಆದರೂ ಬಹುತೇಕ ಆರ್ಥಡಾಕ್ಸ್ ಸಭೆಗಳು ಹಳೆಯ ಜೂಲಿಯನ್ ಪಂಚಾಂಗದ ಮೇಲೆ ಲೆಕ್ಕ ಹಾಕುವುದರಿಂದ ಅವರ ಈಸ್ಟರ್ ಹೆಚ್ಚಿನ ವರ್ಷ ಬೇರೆ ದಿನ ಬರುತ್ತದೆ. ನಿಮ್ಮ ಸಭೆಗೆ ಬಂದ ನಿರಾಶ್ರಿತ ಕುಟುಂಬ ಆರ್ಥಡಾಕ್ಸ್ ಪರಂಪರೆಯದಾದರೆ ಇದು ನೆನಪಿರಲಿ. ನಮ್ಮ ಹಬ್ಬ ಮುಗಿದ ಹೊತ್ತಿಗೆ ಅವರು ಇನ್ನೂ ಉಪವಾಸದಲ್ಲಿರಬಹುದು.

ಗುರುಗಳ ವಸ್ತ್ರದ ಬಣ್ಣಕ್ಕೆ ಅರ್ಥ ಇದೆಯಾ?

ಇದೆ. ಕಾಯುವ, ಪಶ್ಚಾತ್ತಾಪದ ಕಾಲಗಳಿಗೆ ನೇರಳೆ, ಕ್ರಿಸ್ಮಸ್, ಈಸ್ಟರ್‌ಗೆ ಬಿಳಿ, ಪೆಂತೆಕೋಸ್ತ್‌ಗೆ ಕೆಂಪು, ಸಾಧಾರಣ ಕಾಲಕ್ಕೆ ಹಸಿರು. ಕೆಲವು ಪಂಗಡಗಳು ಇದನ್ನು ಪಾಲಿಸುವುದೇ ಇಲ್ಲ.

ಕಾಣಿಕೆ ತಟ್ಟೆ ನನ್ನ ಮುಂದೆ ಬಂದಾಗ ದುಡ್ಡು ಹಾಕ್ಲೇಬೇಕಾ?

ಬೇಡ. ತಟ್ಟೆಯನ್ನು ಪಕ್ಕದವರಿಗೆ ದಾಟಿಸಿ, ಅಷ್ಟೇ. ಅತಿಥಿಯಾಗಿ ಬಂದವರ ಮೇಲೆ ಕಾಣಿಕೆಯ ಹೊರೆ ಇಲ್ಲವೆಂದು ಪೀಠದಿಂದಲೇ ಒಂದು ಮಾತು ಹೇಳಿದರೆ ಎಷ್ಟೋ ಜನ ನಿರಾಳವಾಗುತ್ತಾರೆ. ಜೇಬು ಖಾಲಿಯಿದ್ದ ಕಾರಣಕ್ಕೆ ಆರಾಧನೆಗೆ ಬರುವುದನ್ನೇ ಬಿಟ್ಟವರನ್ನು ನಾನು ಕಂಡಿದ್ದೇನೆ. ಆ ನೋವು ನಮ್ಮ ಮೇಲಿರುವ ಸಾಲ.

## ಕೊಡುವುದರ ಬಗ್ಗೆ

ಲೆಂಟ್‌ನಲ್ಲಿ ನಾನು ಒಂದು ಹೊತ್ತು ಊಟ ಬಿಟ್ರೆ ಬಡವರಿಗೆ ಏನು ಬಂತು?

ಬಿಟ್ಟ ಊಟದ ದುಡ್ಡು ನಿಮ್ಮ ಜೇಬಿನಲ್ಲೇ ಉಳಿದರೆ ಏನೂ ಬರಲಿಲ್ಲ. ಪ್ರಾರ್ಥನೆ, ಉಪವಾಸ, ದಾನ ಮೂರನ್ನೂ ಹಿಂದಿನವರು ಒಟ್ಟಿಗೇ ಇಟ್ಟದ್ದು ಅದಕ್ಕೇ. ಮತ್ತಾಯನ ಸುವಾರ್ತೆಯ ಆರನೇ ಅಧ್ಯಾಯದಲ್ಲಿ ಯೇಸು ಈ ಮೂರರ ಬಗ್ಗೆಯೂ ಒಂದೇ ಉಸಿರಿಗೆ ಮಾತಾಡುತ್ತಾನೆ. ಪ್ರವಾದಿ ಯೆಶಾಯನ 58ನೇ ಅಧ್ಯಾಯ ಇನ್ನೂ ಖಾರವಾಗಿದೆ. ತಲೆ ಬಗ್ಗಿಸಿ ಬೂದಿಯಲ್ಲಿ ಕೂತರೆ ಅದೇ ಉಪವಾಸವೇ ಎಂದು ಕೇಳಿ, ಹಸಿದವರೊಂದಿಗೆ ಅನ್ನ ಹಂಚಿಕೊಳ್ಳುವುದು, ಮನೆಯಿಲ್ಲದೆ ಅಲೆಯುವವರನ್ನು ಮನೆಗೆ ಕರೆತರುವುದು ದೇವರು ಮೆಚ್ಚುವ ಉಪವಾಸ ಎನ್ನುತ್ತದೆ. ಲೆಂಟ್‌ಗೂ ನಿರಾಶ್ರಿತರಿಗೂ ಏನು ಸಂಬಂಧ ಎಂದು ಕೇಳುವವರಿಗೆ ನಾನು ಕೊಡುವ ಉತ್ತರವೂ ಇದೇ ಅಧ್ಯಾಯ.

ಮನೆಯಲ್ಲಿ ಒಂದು ಡಬ್ಬಿ ಇಡಿ. ಬಿಟ್ಟ ಊಟದ, ಕೊಳ್ಳದ ವಸ್ತುವಿನ ಹಣ ಅವತ್ತೇ ಅದರೊಳಗೆ ಬೀಳಲಿ. ಈಸ್ಟರ್‌ಗೆ ಮೊದಲು ಡಬ್ಬಿ ಎಲ್ಲಿಗೆ ಹೋಗಬೇಕೆಂದು ಮಕ್ಕಳೂ ಕೂತು ತೀರ್ಮಾನಿಸಲಿ.

ದಶಮಾಂಶ ಕಡ್ಡಾಯವಾ? ಹತ್ತರಲ್ಲಿ ಒಂದು ಅಂದ್ರೆ ಕೈಗೆ ಬರೋ ಸಂಬಳದಲ್ಲಾ, ಕಡಿತಕ್ಕೆ ಮುಂಚಿನದರಲ್ಲಾ?

ಈ ಲೆಕ್ಕದ ಮೇಲೆ ಬಹಳ ಜಗಳ ನಡೆದಿದೆ. ನನ್ನ ಅಭಿಪ್ರಾಯ ಹೇಳುತ್ತೇನೆ. ಹೊಸ ಒಡಂಬಡಿಕೆಯಲ್ಲಿ ಅಪೊಸ್ತಲ ಪೌಲ ಕೊರಿಂಥದ ಸಭೆಗೆ ಹೇಳಿದ್ದು ಶೇಕಡಾವಾರು ಲೆಕ್ಕವಲ್ಲ. ಪ್ರತಿಯೊಬ್ಬರೂ ಮನಸ್ಸಿನಲ್ಲಿ ನಿಶ್ಚಯಿಸಿಕೊಂಡಷ್ಟು, ಬೇಸರವಿಲ್ಲದೆ, ಬಲವಂತವಿಲ್ಲದೆ ಕೊಡಲಿ ಎಂದ. ವಾರದ ಮೊದಲ ದಿನ ಒಂದಿಷ್ಟನ್ನು ತೆಗೆದಿಡಿ ಎಂದೂ ಹೇಳಿದ. ಅದು ಶಿಸ್ತಿನ ಮಾತು.

ಹಳೆಯ ಒಡಂಬಡಿಕೆಯ ದಶಮಾಂಶದ ಬಗ್ಗೆ ಮಾತಾಡುವವರು ಧರ್ಮೋಪದೇಶಕಾಂಡದ 14ನೇ ಅಧ್ಯಾಯದ ಕೊನೆಯನ್ನೂ ಓದಬೇಕು. ಮೂರು ವರ್ಷಕ್ಕೊಮ್ಮೆ ದಶಮಾಂಶವನ್ನು ಊರಲ್ಲೇ ಕೂಡಿಡಬೇಕಿತ್ತು: ಸ್ವಂತ ಭೂಮಿಯಿಲ್ಲದೆ ದೇವರ ಸೇವೆಗೆ ಮೀಸಲಾದ ಲೇವಿಯರಿಗೆ, ಪರದೇಶಿಗಳಿಗೆ, ತಾಯಿತಂದೆಯಿಲ್ಲದವರಿಗೆ, ವಿಧವೆಯರಿಗೆ ಹೊಟ್ಟೆ ತುಂಬಲಿ ಎಂದು. ದಶಮಾಂಶ ಕೇಳುವ ಸಭೆ ಆ ಪಾಲು ಎಲ್ಲಿಗೆ ಹೋಗುತ್ತಿದೆ ಎಂದೂ ಹೇಳಬೇಕು.

ಸಭೆ ಕೂಡಿಸಿದ ಹಣದ ಲೆಕ್ಕ ಕೇಳಿದ್ರೆ ನಂಬಿಕೆ ಇಲ್ಲ ಅಂತ ಆಗುತ್ತಾ?

ಪೌಲನೇ ಲೆಕ್ಕ ಒಪ್ಪಿಸಿದವನು. ಯೆರೂಸಲೇಮಿನ ಬಡವರಿಗಾಗಿ ಮಕೆದೋನ್ಯ, ಕೊರಿಂಥಗಳಲ್ಲಿ ಕೂಡಿಸಿದ ಹಣವನ್ನು ಒಬ್ಬನೇ ಒಯ್ಯಲು ಅವನು ಒಪ್ಪಲಿಲ್ಲ. ಸಭೆಗಳು ಆರಿಸಿದವರನ್ನು ಜೊತೆಗೆ ಸೇರಿಸಿಕೊಂಡ. ಈ ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ನಮ್ಮ ಮೇಲೆ ತಪ್ಪು ಹೊರಿಸಬಾರದು, ದೇವರ ಮುಂದಷ್ಟೇ ಅಲ್ಲ, ಜನರ ಮುಂದೆಯೂ ಸರಿಯಾಗಿರಬೇಕು ಎಂದು ಬರೆದ. ಅಪೊಸ್ತಲನಿಗೇ ಅಷ್ಟು ಎಚ್ಚರವಿದ್ದರೆ ನಮ್ಮ ಖಜಾಂಚಿಗೂ ಇರಲಿ.

ಕಾಣಿಕೆ ಎಣಿಸುವಾಗ ಒಂದೇ ಮನೆಯವರಲ್ಲದ ಇಬ್ಬರು ಇರಬೇಕು. ನಿರಾಶ್ರಿತರ ನಿಧಿಗೆ ಬೇರೆ ಖಾತೆ ಇರಬೇಕು; ಚಾವಣಿ ಸೋರಿತು, ಆಮೇಲೆ ತುಂಬೋಣ ಎಂದು ಅದಕ್ಕೆ ಕೈ ಹಾಕಬಾರದು. ಲೆಕ್ಕದಲ್ಲಿ ಮೊತ್ತ ಬರೆಯಿರಿ, ಪಡೆದ ಕುಟುಂಬದ ಹೆಸರು ಬರೆಯಬೇಡಿ.

ಹಳೇ ಬಟ್ಟೆ, ಹಾಸಿಗೆ ತುಂಬಾ ಇದೆ. ತಂದು ಹಾಕ್ಲಾ?

ಕೇಳಿ ತನ್ನಿ. ಏನು ಬೇಕೆಂದು ಪಟ್ಟಿ ಬಂದ ಮೇಲೆ, ಪಟ್ಟಿಯಲ್ಲಿದ್ದದ್ದನ್ನು ಮಾತ್ರ. ಅಳತೆಯಾಗಿ ನೋಡಿ: ನಿಮ್ಮ ಅಕ್ಕನಿಗೋ ತಂಗಿಗೋ ಕೊಡಲು ನಾಚಿಕೆಯಾಗುವ ವಸ್ತುವನ್ನು ನಿರಾಶ್ರಿತರಿಗೂ ಕೊಡಬೇಡಿ. ಹರಿದ ಬಟ್ಟೆಯ ಗಂಟು ಬಿಚ್ಚಿ, ಬೇರ್ಪಡಿಸಿ, ಎಸೆಯುವುದರಲ್ಲೇ ಸ್ವಯಂಸೇವಕರ ಎಷ್ಟೋ ಶನಿವಾರಗಳು ಹೋಗಿವೆ. ಸಾಧ್ಯವಾದರೆ ನಗದು ಕೊಡಿ. ಮಗುವಿನ ಅಂಗಿಯ ಬಣ್ಣವನ್ನು ತಾಯಿಯೇ ಆರಿಸಲಿ.

ನನ್ನ ಹತ್ರ ಕೊಡೋಕೆ ದುಡ್ಡೇ ಇಲ್ಲ. ನಾನೇನು ಮಾಡ್ಲಿ?

ವಾರಕ್ಕೆ ಎರಡು ಗಂಟೆ ಇದೆಯೇ? ಅರ್ಜಿ ತುಂಬಲು, ಆಸ್ಪತ್ರೆಯ ಸಾಲಿನಲ್ಲಿ ಜೊತೆಗೆ ನಿಲ್ಲಲು, ಬಸ್ ಬದಲಿಸುವುದನ್ನು ತೋರಿಸಿಕೊಡಲು ಬೇಕಾದದ್ದು ಅದೇ. ಎಂಟು ತಿಂಗಳು ತಪ್ಪದೆ ಬಂದ ಒಬ್ಬರನ್ನು, ಒಂದೇ ದಿನ ದೊಡ್ಡ ಚೆಕ್ ಕೊಟ್ಟು ಹೋದವರಿಗಿಂತ ಹೆಚ್ಚಾಗಿ ಕುಟುಂಬಗಳು ನೆನೆಸಿಕೊಳ್ಳುತ್ತವೆ.

## ಬಾಗಿಲು ತೆರೆಯುವಾಗ

ನಿರಾಶ್ರಿತರು, ವಲಸೆ ಬಂದವರು, ಆಶ್ರಯ ಕೇಳಿದವರು ಎಲ್ಲ ಒಂದೇ ಅಲ್ವಾ?

ಒಂದೇ ಅಲ್ಲ. ವ್ಯತ್ಯಾಸ ತಿಳಿಯದೆ ಮಾತಾಡಿದರೆ ಅವರ ಅರ್ಜಿಗೇ ಏಟು ಬೀಳಬಹುದು. 1951ರ ವಿಶ್ವಸಂಸ್ಥೆಯ ನಿರಾಶ್ರಿತರ ಒಪ್ಪಂದದ ಪ್ರಕಾರ ಜನಾಂಗ, ಧರ್ಮ, ರಾಷ್ಟ್ರೀಯತೆ, ಒಂದು ಸಾಮಾಜಿಕ ಗುಂಪಿಗೆ ಸೇರಿರುವುದು, ರಾಜಕೀಯ ಅಭಿಪ್ರಾಯ ಈ ಐದರಲ್ಲೊಂದು ಕಾರಣಕ್ಕೆ ಹಿಂಸೆಗೊಳಗಾಗುವ ಆಧಾರವಿರುವ ಭಯದಿಂದ ದೇಶ ಬಿಟ್ಟು, ಹಿಂದಿರುಗಲಾರದೆ ಇರುವವರು ನಿರಾಶ್ರಿತರು. ಮೊದಲು ಆ ಒಪ್ಪಂದ 1951ಕ್ಕೆ ಹಿಂದಿನ ಘಟನೆಗಳಿಗೆ ಸೀಮಿತವಾಗಿತ್ತು; 1967ರ ಪೂರಕ ಒಪ್ಪಂದ ಆ ಗಡಿಯನ್ನು ತೆಗೆಯಿತು. ಅರ್ಜಿ ಹಾಕಿ ತೀರ್ಪಿಗೆ ಕಾಯುತ್ತಿರುವವರು ಆಶ್ರಯ ಕೋರಿದವರು. ಸ್ವಂತ ದೇಶದ ಗಡಿ ದಾಟದೆಯೇ ಮನೆ ಕಳೆದುಕೊಂಡವರು ಆಂತರಿಕವಾಗಿ ಸ್ಥಳಾಂತರಗೊಂಡವರು. ವಲಸಿಗ ಎನ್ನುವ ಮಾತು ಬಹಳ ಅಗಲ. ಕೆಲಸಕ್ಕೆ, ಓದಿಗೆ, ಮದುವೆಗೆ ಬಂದವರೂ ಅದರಲ್ಲಿ ಸೇರುತ್ತಾರೆ.

ಒಪ್ಪಂದದ 33ನೇ ವಿಧಿಯನ್ನು ನೆನಪಿಡಿ: ಜೀವಕ್ಕೋ ಸ್ವಾತಂತ್ರ್ಯಕ್ಕೋ ಅಪಾಯವಿರುವ ಜಾಗಕ್ಕೆ ನಿರಾಶ್ರಿತರನ್ನು ಮರಳಿ ತಳ್ಳುವಂತಿಲ್ಲ. ಎಲ್ಲ ದೇಶಗಳೂ ಈ ಒಪ್ಪಂದಕ್ಕೆ ಸಹಿ ಹಾಕಿಲ್ಲ. ನೀವಿರುವ ದೇಶದ ಕಾನೂನು ಏನೆಂದು ವಕೀಲರನ್ನೇ ಕೇಳಿ, ಸಭೆಯ ಹಿರಿಯರ ಊಹೆಯನ್ನು ನಂಬಬೇಡಿ.

ಯೇಸುವೂ ನಿರಾಶ್ರಿತನಾಗಿದ್ದ ಅಂತಾರಲ್ಲ, ಅದು ಸ್ವಲ್ಪ ಎಳೆದು ತಂದ ಮಾತಲ್ವಾ?

ಪ್ರಾಮಾಣಿಕವಾದ ಪ್ರಶ್ನೆ. ಇಂದಿನ ಕಾನೂನಿನ ಅರ್ಥವನ್ನು ಎರಡು ಸಾವಿರ ವರ್ಷ ಹಿಂದಕ್ಕೆ ಒಯ್ಯಲಾಗದು, ನಿಜ. ಆಗ ಐಗುಪ್ತ ರೋಮಿನ ಪ್ರಾಂತ್ಯ; ಹೆರೋದ ರೋಮಿನ ಅಡಿಯಲ್ಲಿ ಆಳುತ್ತಿದ್ದ ರಾಜ. ಎರಡೂ ಒಂದೇ ಸಾಮ್ರಾಜ್ಯದ ನೆರಳಲ್ಲೇ ಇದ್ದವು ಎಂದು ವಾದಿಸಬಹುದು. ಆದರೆ ಮತ್ತಾಯನ ಎರಡನೇ ಅಧ್ಯಾಯವನ್ನು ನಿಧಾನವಾಗಿ ಓದಿ. ಮಗುವನ್ನು ಕೊಲ್ಲಲು ರಾಜ ಹುಡುಕುತ್ತಿದ್ದಾನೆ. ತಂದೆ ರಾತ್ರೋರಾತ್ರಿ ತಾಯಿಮಗುವನ್ನು ಕರೆದುಕೊಂಡು ಅವನ ಕೈಗೆ ಸಿಗದ ನಾಡಿಗೆ ಓಡುತ್ತಾನೆ. ರಾಜ ಸತ್ತ ಮೇಲೂ ಯೋಸೇಫ ಯೂದಾಯಕ್ಕೆ ಮರಳಲಿಲ್ಲ. ಅಲ್ಲಿ ಹೆರೋದನ ಮಗ ಅರ್ಖೆಲಾಯ ಆಳುತ್ತಿದ್ದಾನೆಂದು ಕೇಳಿ ಹೆದರಿ ಗಲಿಲಾಯದ ನಜರೇತಿನಲ್ಲಿ ನೆಲೆಸಿದ. ಯುದ್ಧ ನಿಂತಿತಲ್ಲ, ಇನ್ನು ಊರಿಗೆ ಹೋಗಬಾರದೇ ಎಂದು ಕೇಳುವವರು ಈ ಕೊನೆಯ ಭಾಗವನ್ನು ಓದಿದ್ದರೆ ಒಳ್ಳೆಯದು.

ಯೇಸುವನ್ನು ಕೊಲ್ಲಲೆಂದು ಹೆರೋದ ಬೇತ್ಲೆಹೇಮಿನಲ್ಲಿ ಕೊಲ್ಲಿಸಿದ ಕೂಸುಗಳನ್ನು ಪಾಶ್ಚಾತ್ಯ ಸಭೆ ಡಿಸೆಂಬರ್ 28ರಂದು ನೆನೆಯುತ್ತದೆ, ಕ್ರಿಸ್ಮಸ್ ಆಗಿ ಮೂರೇ ದಿನಕ್ಕೆ. ದೀಪಗಳು ಇನ್ನೂ ಉರಿಯುತ್ತಿರುತ್ತವೆ. ಆ ದಿನವನ್ನು ತಪ್ಪಿಸಬೇಡಿ.

ಇನ್ನೊಂದು ಮಾತು. ಕನ್ನಡದಲ್ಲಿ ‘ಪರದೇಶಿ’ ಎಂದರೆ ಬೇರೆ ದೇಶದವನೂ ಹೌದು, ದಿಕ್ಕಿಲ್ಲದವನೂ ಹೌದು. ಪರದೇಶಿಯನ್ನು ನಿಮ್ಮವನಂತೆಯೇ ಪ್ರೀತಿಸಿ, ನೀವೂ ಐಗುಪ್ತದಲ್ಲಿ ಪರದೇಶಿಗಳಾಗಿದ್ದಿರಿ ಎಂಬ ಯಾಜಕಕಾಂಡದ 19ನೇ ಅಧ್ಯಾಯದ ಆಜ್ಞೆ ನಮ್ಮ ಕಿವಿಗೆ ಎರಡು ಪಟ್ಟು ಭಾರವಾಗಿ ಬೀಳಬೇಕು.

ನಮ್ಮವರಲ್ಲೇ ಎಷ್ಟೋ ಜನಕ್ಕೆ ಇಲ್ಲ. ಹೊರಗಿನವರಿಗೆ ಯಾಕೆ?

ಈ ಪ್ರಶ್ನೆ ಕೇಳುವವರನ್ನು ಕಲ್ಲುಹೃದಯದವರು ಎಂದು ತಳ್ಳಿಹಾಕಬೇಡಿ. ಬಾಡಿಗೆ ಕಟ್ಟಲಾಗದೆ ಒದ್ದಾಡುತ್ತಾ ಅದನ್ನು ಯಾರಿಗೂ ಹೇಳದವರು ಈ ಪ್ರಶ್ನೆ ಕೇಳಿದ್ದನ್ನು ನಾನು ಕಂಡಿದ್ದೇನೆ. ಮೊದಲು ಅವರ ಮನೆಗೆ ಹೋಗಿ ಕೂತು ಮಾತಾಡಿ.

ಆಮೇಲೆ ಅಪೊಸ್ತಲರ ಕೃತ್ಯಗಳ ಆರನೇ ಅಧ್ಯಾಯ ತೆರೆಯಿರಿ. ಆದಿಸಭೆಯಲ್ಲೂ ಇದೇ ಗೊಣಗಾಟ ಎದ್ದಿತ್ತು: ದಿನದ ಹಂಚಿಕೆಯಲ್ಲಿ ಗ್ರೀಕ್ ಮಾತಾಡುವವರ ವಿಧವೆಯರನ್ನು ಕಡೆಗಣಿಸುತ್ತಿದ್ದಾರೆ ಎಂದು. ಹಂಚಿಕೆಯನ್ನು ನಿಲ್ಲಿಸೋಣ, ಇಲ್ಲವೇ ಒಂದು ಗುಂಪಿಗೆ ಮಾತ್ರ ಕೊಡೋಣ ಎಂದು ಅವರು ಹೇಳಲಿಲ್ಲ. ಏಳು ಮಂದಿಯನ್ನು ಅದೇ ಕೆಲಸಕ್ಕೆಂದು ನೇಮಿಸಿದರು. ಆ ಏಳೂ ಹೆಸರುಗಳು ಗ್ರೀಕ್ ಹೆಸರುಗಳೇ. ದೂರಿದ್ದವರ ಕಡೆಯವರ ಕೈಗೇ ಹಂಚಿಕೆಯನ್ನು ಕೊಟ್ಟಂತೆ ಕಾಣುತ್ತದೆ. ನೆರೆಯ ಬಡವರ ನಿಧಿ, ನಿರಾಶ್ರಿತರ ನಿಧಿ ಎರಡೂ ಇರಲಿ, ಎರಡನ್ನೂ ಒಂದೇ ಸಮಿತಿ ನೋಡಲಿ.

ಬೇರೆ ಧರ್ಮದವರಿಗೂ ಸಹಾಯ ಮಾಡ್ತೀರಾ? ಆಮೇಲೆ ಮತಾಂತರ ಆಗಿ ಅಂತೀರಾ?

ಮೊದಲ ಪ್ರಶ್ನೆಗೆ ಹೌದು, ಎರಡನೆಯದಕ್ಕೆ ಇಲ್ಲ. ಮನೆ, ಔಷಧಿ, ಶಾಲೆ ಎಲ್ಲಕ್ಕೂ ನಮ್ಮನ್ನೇ ನಂಬಿಕೊಂಡವರು ನಮ್ಮ ಆಹ್ವಾನಕ್ಕೆ ಬೇಡ ಎನ್ನುವ ಸ್ಥಿತಿಯಲ್ಲಿ ಇರುವುದಿಲ್ಲ. ಬೇಡ ಎನ್ನಲಾಗದವರ ಒಪ್ಪಿಗೆಗೆ ಬೆಲೆಯೂ ಇಲ್ಲ. 1994ರಲ್ಲಿ ರೆಡ್ ಕ್ರಾಸ್ ಮತ್ತು ಪರಿಹಾರ ಸಂಸ್ಥೆಗಳು ಸೇರಿ ಮಾಡಿಕೊಂಡ ನಡತೆಯ ಸಂಹಿತೆ, ನೆರವನ್ನು ರಾಜಕೀಯ ಅಥವಾ ಧಾರ್ಮಿಕ ನಿಲುವೊಂದನ್ನು ಮುಂದೊತ್ತಲು ಬಳಸುವುದಿಲ್ಲ ಎನ್ನುತ್ತದೆ. ಕಥೋಲಿಕ ನೆರವು ಸಂಸ್ಥೆಯಾದ ಕಾರಿತಾಸ್, ಲೂಥರನ್ ವಿಶ್ವ ಒಕ್ಕೂಟ, ಸಭೆಗಳ ವಿಶ್ವ ಮಂಡಳಿ ಅದನ್ನು ರೂಪಿಸಿದವರ ಸಾಲಿನಲ್ಲೇ ಇದ್ದವು.

ಅವರ ಪ್ರಾರ್ಥನಾಲಯ ಎಲ್ಲಿದೆ ಎಂದು ಹುಡುಕಿ ಕೊಡುವುದೂ ಸ್ವಾಗತ ತಂಡದ ಕೆಲಸ. ಹಬ್ಬಕ್ಕೆ ಕರೆಯಿರಿ, ಬರದಿದ್ದರೆ ಮರುದಿನ ಯಾಕೆ ಬರಲಿಲ್ಲ ಎಂದು ಕೇಳಬೇಡಿ.

ಕುಟುಂಬ ಮುಂದಿನ ವಾರ ಬರುತ್ತೆ. ಮೊದಲ ದಿನಗಳಲ್ಲಿ ಏನು ಮಾಡ್ಬೇಕು?

ವಿಮಾನ ನಿಲ್ದಾಣಕ್ಕೆ ಮೂವತ್ತು ಜನ ಬ್ಯಾನರ್ ಹಿಡಿದು ಹೋಗಬೇಡಿ. ಎಷ್ಟೋ ದಿನಗಳಿಂದ ನಿದ್ದೆಯಿಲ್ಲದೆ ಬಂದವರಿಗೆ ಅಪರಿಚಿತ ಮುಖಗಳ ಗುಂಪು ಕಂಡರೆ ಎದೆ ನಡುಗುತ್ತದೆ. ಇಬ್ಬರು, ಒಬ್ಬ ದುಭಾಷಿ, ಒಂದು ವಾಹನ ಸಾಕು. ಆ ಇಬ್ಬರಲ್ಲಿ ಒಬ್ಬರಾದರೂ ಹೆಂಗಸಾಗಿರಲಿ.

ಮೊದಲು ಬೇಕಾದದ್ದು ಫೋನಿಗೆ ಸಿಮ್ ಮತ್ತು ಇಂಟರ್ನೆಟ್. ನಾವು ಕ್ಷೇಮವಾಗಿ ಸೇರಿದೆವು ಎಂದು ಹಿಂದೆ ಉಳಿದವರಿಗೆ ತಿಳಿಸುವವರೆಗೆ ಅವರಿಗೆ ಹಸಿವೂ ಗೊತ್ತಾಗುವುದಿಲ್ಲ. ಆಮೇಲೆ ಔಷಧಿ: ಯಾರಿಗಾದರೂ ದಿನಾ ತೆಗೆದುಕೊಳ್ಳುವ ಮಾತ್ರೆ ಇದೆಯೇ, ಎಷ್ಟು ಉಳಿದಿದೆ? ಆಮೇಲೆ ನಿದ್ದೆ. ಕಾಗದಪತ್ರಗಳ ಮೂಲ ಪ್ರತಿ ಅವರ ಕೈಯಲ್ಲೇ ಇರಬೇಕು. ‘ಜೋಪಾನವಾಗಿ ಇಟ್ಟಿರ್ತೀವಿ’ ಎಂದು ಸಭೆಯ ಕಪಾಟಿಗೆ ಸೇರಿಸುವುದು ದೊಡ್ಡ ತಪ್ಪು.

ಮನೆಯ ಬೀಗದ ಕೈ ಅವರಿಗೆ ಕೊಟ್ಟ ಮೇಲೆ ಅದು ಅವರ ಮನೆ. ಈ ಮಾತನ್ನು ನಾನು ತಪ್ಪು ಮಾಡಿ ಕಲಿತೆ. ಮೊದಲ ಕುಟುಂಬ ಬಂದಾಗ ನನ್ನ ಬಳಿ ಇನ್ನೊಂದು ಕೀಲಿ ಇತ್ತು. ಹಾಲು ಇಟ್ಟು ಹೋಗೋಣವೆಂದು ಬೆಳಿಗ್ಗೆ ಬಾಗಿಲು ತಟ್ಟದೆ ಒಳಗೆ ಹೋದೆ. ಕೋಣೆಯ ಮೂಲೆಯಲ್ಲಿ ಆ ತಾಯಿ ಇಬ್ಬರು ಮಕ್ಕಳನ್ನು ಬೆನ್ನ ಹಿಂದೆ ಮಾಡಿಕೊಂಡು ನಿಂತಿದ್ದರು. ಅವರ ಕಣ್ಣಲ್ಲಿದ್ದ ಭಯವನ್ನು ತಂದದ್ದು ನಾನು. ಅವತ್ತೇ ಆ ಕೀಲಿಯನ್ನೂ ಅವರ ಕೈಗೆ ಕೊಟ್ಟೆ.

ಸ್ವಯಂಸೇವಕರ ಹಿನ್ನೆಲೆಯನ್ನು ಪರಿಶೀಲಿಸದೆ ಯಾರನ್ನೂ ಆ ಮನೆಗೆ ಕಳಿಸಬೇಡಿ. ಒಬ್ಬರೇ ಹೋಗಿ ಮಕ್ಕಳೊಂದಿಗೆ ಇರುವಂತಿಲ್ಲ. ಎಷ್ಟೇ ಗೌರವಸ್ಥರಾದರೂ ಇದಕ್ಕೆ ವಿನಾಯಿತಿ ಬೇಡ.

ಮಗು ಬೇಗ ಭಾಷೆ ಕಲಿತಿದೆ. ಡಾಕ್ಟರ್ ಹತ್ರ ಅದನ್ನೇ ದುಭಾಷಿ ಮಾಡ್ಬಹುದಾ?

ಬೇಡ. ಅಮ್ಮನ ದೇಹದ ನೋವನ್ನು, ಅಪ್ಪನಿಗೆ ಜೈಲಿನಲ್ಲಿ ಆದದ್ದನ್ನು ಒಂಬತ್ತು ವರ್ಷದ ಮಗುವಿನ ಬಾಯಲ್ಲಿ ಹೇಳಿಸಬಾರದು. ಅಂಗಡಿಯಲ್ಲಿ ಸಣ್ಣಪುಟ್ಟ ಮಾತಿಗೆ ಸರಿ. ಆಸ್ಪತ್ರೆ, ಕೋರ್ಟು, ಕಚೇರಿಗೆ ತರಬೇತಿ ಪಡೆದ ದುಭಾಷಿಯೇ ಬೇಕು, ಫೋನಿನ ಮೂಲಕವಾದರೂ ಸರಿ. ಕುಟುಂಬದ ಊರಿನವರೇ ಆದ ದುಭಾಷಿಯನ್ನು ಕರೆಯುವ ಮುನ್ನ ಅವರನ್ನೇ ಕೇಳಿ. ಜಗಳದ ಇನ್ನೊಂದು ಪಕ್ಷದವರೂ ಆಗಿರಬಹುದು.

ಅವರ ಕಥೆ ಕೇಳಿದ್ರೆ ಜನ ಹೆಚ್ಚು ಕೊಡ್ತಾರೆ. ಕ್ರಿಸ್ಮಸ್ ಆರಾಧನೆಯಲ್ಲಿ ಸಾಕ್ಷಿ ಹೇಳಿಸ್ಬಹುದಾ?

ಮೊದಲ ವರ್ಷ ಕೇಳಲೇಬೇಡಿ. ಬೇಡ ಎನ್ನಲಾಗದವರ ವಿಷಯ ಇಲ್ಲೂ ಅನ್ವಯಿಸುತ್ತದೆ. ಅದರ ಮೇಲೆ ಅಪಾಯವೂ ಇದೆ: ಹಿಂದೆ ಉಳಿದ ಅಣ್ಣನನ್ನು ಆ ಒಂದು ಫೋಟೋದಿಂದ ಪತ್ತೆ ಹಚ್ಚಬಹುದು. ಮೇಜಿನ ಅಲಂಕಾರ ನೋಡಿ ಹೋಗುವಂತೆ ಒಂದು ಕುಟುಂಬದ ಸಂಕಟವನ್ನು ನೋಡಿ, ಕಣ್ಣೊರೆಸಿಕೊಂಡು ಮನೆಗೆ ಹೋಗುವುದನ್ನು ನಾವು ಕಲಿಯಬಾರದು. ತಾವಾಗಿಯೇ ಮಾತಾಡಬೇಕು ಎಂದವರಿಗೆ ಜಾಗ ಬಿಡಿ. ಏನು ಹೇಳಬೇಕು, ಏನು ಬಿಡಬೇಕು ಎಂಬುದು ಅವರ ತೀರ್ಮಾನ.

## ಕಠಿಣ ಪ್ರಶ್ನೆಗಳು

ಅವರಿಗೋಸ್ಕರ ಆರಾಧನೆಯನ್ನೇ ಬದಲಾಯಿಸ್ಬೇಕಾ?

ಪೂರ್ತಿ ಬದಲಾಯಿಸಬೇಕಿಲ್ಲ, ಆದರೆ ಕಣ್ಣು ತೆರೆದು ನೋಡಬೇಕು. ಪವಿತ್ರ ವಾರದ ಕೆಲವು ಆರಾಧನೆಗಳಲ್ಲಿ ಮೇಣದಬತ್ತಿಗಳನ್ನು ಒಂದೊಂದಾಗಿ ಆರಿಸಿ, ಕತ್ತಲಲ್ಲಿ ದಢಾರನೆ ದೊಡ್ಡ ಸದ್ದು ಮಾಡುವ ರೂಢಿಯಿದೆ. ಬಾಂಬ್ ಬಿದ್ದ ಊರಿಂದ ಬಂದ ಮಗುವಿಗೆ ಆ ಸದ್ದು ಏನೆಂದು ಯೋಚಿಸಿ. ಮೊದಲೇ ಹೇಳಿಡಿ, ಬಾಗಿಲ ಬಳಿ ಜಾಗ ಕೊಡಿ, ಇಲ್ಲವೇ ಆ ವರ್ಷ ಸದ್ದನ್ನು ಬಿಡಿ.

ಸೇರಿಸಬಹುದಾದದ್ದೂ ಬಹಳವಿದೆ. ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಪ್ರಾರ್ಥನೆಯನ್ನು ಎಲ್ಲರೂ ಒಟ್ಟಿಗೆ, ಅವರವರ ಭಾಷೆಯಲ್ಲಿ ಹೇಳಲಿ. ಪೆಂತೆಕೋಸ್ತ್ ದಿನದ ಪಾಠವೇ ಹಲವು ಭಾಷೆಗಳ ಕಥೆ. ಅವತ್ತು ಅದನ್ನು ಹೊಸಬರ ಭಾಷೆಯಲ್ಲೂ ಓದಿಸಿ. ಬಾಬಿಲೋನಿನ ನದಿಗಳ ಬಳಿ ಕೂತು ಅತ್ತವರ 137ನೇ ಕೀರ್ತನೆಯಂಥ ಶೋಕಗೀತೆಗಳನ್ನು ಸುಖವಾಗಿರುವ ಸಭೆಗಳು ಹಾಡುವುದನ್ನೇ ಮರೆತಿವೆ. ಮನೆ ಕಳೆದುಕೊಂಡವರು ಪಕ್ಕದಲ್ಲಿ ಕೂತಾಗ ಅವುಗಳಿಗೆ ಮತ್ತೆ ಜೀವ ಬರುತ್ತದೆ.

ಒಂದು ಕುಟುಂಬದ ಪೂರ್ತಿ ಜವಾಬ್ದಾರಿ ಸಭೆಯೇ ಹೊರೋದು ಸಾಧ್ಯವಾ?

ಕೆನಡಾದಲ್ಲಿ 1979ರಿಂದ ನಡೆಯುತ್ತಿದೆ. ವಿಯೆಟ್ನಾಂ, ಕಾಂಬೋಡಿಯಾ, ಲಾವೋಸ್‌ಗಳಿಂದ ಜನ ದೋಣಿಯಲ್ಲಿ, ಕಾಲ್ನಡಿಗೆಯಲ್ಲಿ ಓಡಿಬರುತ್ತಿದ್ದ ಕಾಲ ಅದು. ಸರ್ಕಾರದೊಂದಿಗೆ ಪ್ರಾಯೋಜನೆಯ ಒಪ್ಪಂದಕ್ಕೆ ಮೊದಲು ಸಹಿ ಹಾಕಿದ್ದು ಮೆನ್ನೊನೈಟ್ ಎಂಬ ಪ್ರಾಟೆಸ್ಟಂಟ್ ಪಂಗಡದ ಸಭೆಗಳ ಕೇಂದ್ರ ಸಮಿತಿ. 1979–80ರಲ್ಲಿ ಬಂದ ಸುಮಾರು 60,000 ಮಂದಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನರನ್ನು ಸಭೆಗಳು, ನೆರೆಹೊರೆಯ ಗುಂಪುಗಳು ಬರಮಾಡಿಕೊಂಡವು. 1986ರಲ್ಲಿ ನಿರಾಶ್ರಿತರ ಸೇವೆಗಾಗಿ ಕೊಡುವ ವಿಶ್ವಸಂಸ್ಥೆಯ ನ್ಯಾನ್ಸೆನ್ ಪ್ರಶಸ್ತಿ ಕೆನಡಾದ ಜನತೆಗೇ ಸಂದಿತು. ಸಾಮಾನ್ಯವಾಗಿ ಒಂದು ವರ್ಷದ ಖರ್ಚು ಮತ್ತು ಒಡನಾಟ ಗುಂಪಿನ ಹೊಣೆ.

ಇಟಲಿಯ ದಾರಿ ಬೇರೆ. 2015ರ ಡಿಸೆಂಬರಿನಲ್ಲಿ ಸಂತ ಎಜೀದಿಯೊ ಎಂಬ ಕಥೋಲಿಕ ಸಮುದಾಯ, ಪ್ರಾಟೆಸ್ಟಂಟ್ ಸಭೆಗಳ ಒಕ್ಕೂಟ, ಅಲ್ಲಿನ ಹಳೆಯ ಪ್ರಾಟೆಸ್ಟಂಟ್ ಪಂಗಡವಾದ ವಾಲ್ಡೆನ್ಸಿಯನ್ ಸಭೆ ಸೇರಿ ಸರ್ಕಾರದೊಂದಿಗೆ ‘ಮಾನವೀಯ ಕಾರಿಡಾರ್’ ಒಪ್ಪಂದ ಮಾಡಿಕೊಂಡವು. ಲೆಬನಾನ್‌ನಲ್ಲಿದ್ದ ಸಿರಿಯಾದ ನಿರಾಶ್ರಿತರು ಜೀವವನ್ನು ಸಮುದ್ರಕ್ಕೆ ಒಡ್ಡದೆ, ವೀಸಾ ಹಿಡಿದು ವಿಮಾನದಲ್ಲಿ ಬಂದರು. ಕಥೋಲಿಕರೂ ಪ್ರಾಟೆಸ್ಟಂಟರೂ ಒಂದೇ ಕಾಗದಕ್ಕೆ ಸಹಿ ಹಾಕಿದ್ದು ನನಗೆ ಇದರಲ್ಲಿ ಬಹಳ ಇಷ್ಟವಾದ ಸಂಗತಿ.

ನಿಮ್ಮ ದೇಶದಲ್ಲಿ ಇಂಥ ಏರ್ಪಾಡು ಇಲ್ಲದಿದ್ದರೆ ಈಗಾಗಲೇ ಬಂದಿರುವವರ ಜೊತೆ ನಿಲ್ಲಿ. ಹೊರುವುದಾದರೆ ಇಡೀ ವರ್ಷದ ಹಣದ ವಾಗ್ದಾನ ಕೈಗೆ ಬಂದ ಮೇಲೆಯೇ ಹೊರಿ.

ಗಡಿಪಾರು ಆದೇಶ ಬಂದವರನ್ನು ಚರ್ಚಿನೊಳಗೆ ಇಟ್ಕೊಳ್ಳೋದು ಸರಿಯಾ?

ನೆದರ್ಲೆಂಡ್ಸ್‌ನ ಹೇಗ್ ನಗರದ ಬೆಥೆಲ್ ಚರ್ಚಿನಲ್ಲಿ ಅರ್ಮೇನಿಯಾದ ಒಂದು ಕುಟುಂಬಕ್ಕಾಗಿ 2018ರ ಅಕ್ಟೋಬರ್ 26ರಿಂದ 2019ರ ಜನವರಿ 30ರವರೆಗೆ, 96 ದಿನ, ಹಗಲೂ ರಾತ್ರಿ ಆರಾಧನೆ ನಡೆಯಿತು. ಆರಾಧನೆ ನಡೆಯುತ್ತಿರುವಾಗ ಪೊಲೀಸರು ಒಳಗೆ ಬರುವುದನ್ನು ಡಚ್ ಕಾನೂನು ತಡೆಯುತ್ತದೆ. ನೂರಾರು ಸಭಾಪಾಲಕರು ಸರದಿಯಲ್ಲಿ ಬಂದು ನಿಂತರು. ಆಗಮನ ಕಾಲ, ಕ್ರಿಸ್ಮಸ್, ಹೊಸ ವರ್ಷ ಎಲ್ಲವೂ ಆ ಒಂದೇ ಆರಾಧನೆಯೊಳಗೆ ಬಂದು ಹೋದವು. ಕೊನೆಗೆ ಸರ್ಕಾರ ಅಂಥ ಮಕ್ಕಳಿರುವ ಕುಟುಂಬಗಳ ಪ್ರಕರಣಗಳನ್ನು ಮತ್ತೆ ನೋಡಲು ಒಪ್ಪಿತು.

ಎಲ್ಲೆಡೆ ಹೀಗೆ ಕಾನೂನಿನ ಆಸರೆ ಇರುವುದಿಲ್ಲ. 1982ರಲ್ಲಿ ಅಮೆರಿಕದ ಟೂಸಾನ್‌ನ ಸೌತ್‌ಸೈಡ್ ಪ್ರೆಸ್ಬಿಟೇರಿಯನ್ ಚರ್ಚು ಮಧ್ಯ ಅಮೆರಿಕದಿಂದ ಓಡಿಬಂದವರಿಗೆ ಬಹಿರಂಗವಾಗಿ ಆಶ್ರಯ ಸಾರಿತು. 1986ರಲ್ಲಿ ಅಲ್ಲಿನ ಪಾಸ್ಟರ್ ಸೇರಿ ಎಂಟು ಮಂದಿ ತಪ್ಪಿತಸ್ಥರೆಂದು ನ್ಯಾಯಾಲಯ ಹೇಳಿತು. ಎರಡನೇ ಮಹಾಯುದ್ಧದ ವೇಳೆ ಫ್ರಾನ್ಸಿನ ಲೆ ಶಾಂಬೋಂ ಎಂಬ ಹಳ್ಳಿಯವರು ಪಾಸ್ಟರ್ ಆಂದ್ರೆ ತ್ರೊಕ್ಮೆಯವರ ಜೊತೆ ನಿಂತು ಯೆಹೂದ್ಯರನ್ನು ಬಚ್ಚಿಟ್ಟು ಉಳಿಸಿದರು; ತಮ್ಮ ಹಿರಿಯರೂ ನಂಬಿಕೆಗಾಗಿ ಬೇಟೆಯಾಡಲ್ಪಟ್ಟವರು ಎಂಬ ನೆನಪು ಆ ಪ್ರಾಟೆಸ್ಟಂಟರಲ್ಲಿ ಮಾಸಿರಲಿಲ್ಲ.

ಸರಿಯೇ ಎಂದು ನನ್ನನ್ನು ಕೇಳಿದರೆ: ಮರಳಿ ಕಳಿಸಿದರೆ ಸಾವು ಎಂದು ಖಚಿತವಾದಾಗ, ಕಾನೂನಿನ ಎಲ್ಲ ಬಾಗಿಲೂ ತಟ್ಟಿ ಆದ ಮೇಲೆ, ಬಹಿರಂಗವಾಗಿ, ಪರಿಣಾಮಕ್ಕೆ ಸಿದ್ಧರಾಗಿ ಮಾಡುವುದಾದರೆ ಹೌದು. ಇಡೀ ಸಭೆ ಕೂತು ತೀರ್ಮಾನಿಸಬೇಕು. ಅಪಾಯ ಏನೆಂದು ಆ ಕುಟುಂಬಕ್ಕೂ ಪೂರ್ತಿ ತಿಳಿದಿರಬೇಕು.

ಇಷ್ಟು ಮಾಡಿದ್ರೂ ಅವರು ಒಂದು ಕೃತಜ್ಞತೆ ತೋರ್ಸಲ್ಲ. ಬೇಜಾರಾಗುತ್ತೆ.

ಬೇಜಾರು ಸಹಜ, ಅದನ್ನು ಮುಚ್ಚಿಡಬೇಡಿ. ಆದರೆ ರೂತಳ ಕಥೆ ನೋಡಿ. ಮೋವಾಬಿನಿಂದ ಬಂದ ಆ ವಿಧವೆ ಬೋವಜನ ಹೊಲದಲ್ಲಿ ಹಕ್ಕಲಾಯ್ದು ಬದುಕಿದಳು. ಕೊಯ್ಯುವಾಗ ಉದುರಿದ ತೆನೆ ಬಡವರದು, ಪರದೇಶಿಯದು ಎಂದು ಧರ್ಮಶಾಸ್ತ್ರವೇ ಹೇಳಿತ್ತು. ಅದು ಭಿಕ್ಷೆಯಲ್ಲ, ಅವಳ ಹಕ್ಕು. ಬೋವಜ ಒಂದು ಹೆಜ್ಜೆ ಮುಂದೆ ಹೋಗಿ, ಅವಳಿಗಾಗಿ ಬೇಕೆಂದೇ ತೆನೆ ಬಿಡಿ, ಅವಳನ್ನು ಗದರಿಸಬೇಡಿ ಎಂದು ಆಳುಗಳಿಗೆ ಹೇಳಿಟ್ಟ. ಪಡೆಯುವವಳ ತಲೆ ತಗ್ಗದ ಹಾಗೆ ಕೊಡುವ ಜಾಣ್ಮೆ ಅದು.

ದಿನಾ ಥ್ಯಾಂಕ್ಸ್ ಹೇಳಬೇಕಾದ ಬದುಕು ಎಷ್ಟು ಸುಸ್ತು ಎಂದು ಒಮ್ಮೆ ಯೋಚಿಸಿ. ಅವರಿಂದ ಏನಾದರೂ ಕೇಳಿ ಪಡೆಯಿರಿ: ಹೊಲಿಗೆ, ಹಾಡು, ಕೆಟ್ಟ ಯಂತ್ರದ ರಿಪೇರಿ. ಅವರ ಮನೆಯಲ್ಲಿ ಊಟಕ್ಕೆ ಕರೆದರೆ ಹೋಗಿ, ಹೊಟ್ಟೆ ತುಂಬ ಉಣ್ಣಿ.

ಡಿಸೆಂಬರಿನಲ್ಲಿ ಎಲ್ಲರೂ ಬರ್ತಾರೆ, ಜುಲೈನಲ್ಲಿ ನಾನೊಬ್ಬಳೇ. ಹೇಗೆ ನಡೆಸೋದು?

ಈ ಪತ್ರ ಬರೆದ ಅಕ್ಕನಿಗೆ ಉತ್ತರ ಬರೆಯಲು ನನಗೆ ಹದಿನೈದು ದಿನ ಬೇಕಾಯಿತು, ಯಾಕೆಂದರೆ ಇದು ನಮ್ಮೆಲ್ಲರ ಕಾಯಿಲೆ. ಕ್ರಿಸ್ಮಸ್‌ಗೆ ಬರುವ ಆಟಿಕೆಗಳನ್ನು ಇಡಲು ಜಾಗವಿರುವುದಿಲ್ಲ. ಬಾಡಿಗೆ ಕರಾರು ಮುಗಿಯುವುದು, ಅರ್ಜಿ ತಿರಸ್ಕೃತವಾಗುವುದು, ಊರಿಂದ ಸಾವಿನ ಸುದ್ದಿ ಬರುವುದು ಹಸಿರು ಬಣ್ಣದ ಸಾಧಾರಣ ಕಾಲದ ಯಾವುದೋ ಮಂಗಳವಾರ.

ಹಾಗಾಗಿ ಉದಾರತೆಯನ್ನೂ ವರ್ಷದ ಪಂಚಾಂಗಕ್ಕೆ ಕಟ್ಟಿ. ಆಗಮನ ಕಾಲದಲ್ಲಿ ವಸ್ತುಗಳನ್ನು ಕೇಳಬೇಡಿ, ಮುಂದಿನ ಹನ್ನೆರಡು ತಿಂಗಳ ಮಾಸಿಕ ವಾಗ್ದಾನ ಕೇಳಿ. ಲೆಂಟ್‌ನ ಡಬ್ಬಿಯ ಹಣ ಬಾಡಿಗೆಗೆ ಮೀಸಲಿರಲಿ. ಈಸ್ಟರ್‌ನಿಂದ ಪೆಂತೆಕೋಸ್ತ್‌ವರೆಗಿನ ವಾರಗಳಲ್ಲಿ ಹೊಸ ಸ್ವಯಂಸೇವಕರಿಗೆ ತರಬೇತಿ ಕೊಡಿ. ಜೂನ್ 20 ವಿಶ್ವ ನಿರಾಶ್ರಿತರ ದಿನ, ಸೆಪ್ಟೆಂಬರಿನ ಕೊನೆಯ ಭಾನುವಾರ ಕಥೋಲಿಕ ಸಭೆಯ ವಲಸಿಗರ ಮತ್ತು ನಿರಾಶ್ರಿತರ ದಿನ. ಆ ಎರಡು ದಿನ ಸಭೆಯ ಮುಂದೆ ಲೆಕ್ಕ ಒಪ್ಪಿಸಿ. ಸಾಧಾರಣ ಕಾಲದ ಪ್ರತಿ ವಾರಕ್ಕೂ ಇಬ್ಬರ ಹೆಸರು ಪಟ್ಟಿಯಲ್ಲಿರಲಿ. ಒಬ್ಬರು ಆರು ತಿಂಗಳು ದುಡಿದರೆ ಒಂದು ತಿಂಗಳು ಕಡ್ಡಾಯವಾಗಿ ವಿಶ್ರಾಂತಿ ಪಡೆಯಲಿ, ಆ ತಿಂಗಳು ಅವರಿಗೆ ಫೋನ್ ಹೋಗದಿರಲಿ.

ಎರಡನೇ ಶತಮಾನದಲ್ಲಿ ಜಸ್ಟಿನ್ ಎಂಬ ಕ್ರೈಸ್ತ ತಮ್ಮ ಭಾನುವಾರದ ಆರಾಧನೆಯನ್ನು ವರ್ಣಿಸುತ್ತಾ, ಕೂಡಿದ ಕಾಣಿಕೆಯಿಂದ ಅನಾಥರು, ವಿಧವೆಯರು, ರೋಗಿಗಳು, ಸೆರೆಯಲ್ಲಿರುವವರು, ನಡುವೆ ತಂಗಿರುವ ಪರದೇಶಿಗಳು ಎಲ್ಲರ ಆರೈಕೆ ನಡೆಯುತ್ತದೆ ಎಂದು ಬರೆದಿದ್ದಾನೆ. ಅವನು ಹೇಳಿದ್ದು ಹಬ್ಬದ ದಿನದ ಬಗ್ಗೆಯಲ್ಲ, ಪ್ರತಿ ಭಾನುವಾರದ ಬಗ್ಗೆ.

ಎರಡು ವರ್ಷ ಜೊತೆಗಿದ್ದ ಕುಟುಂಬ ಬೇರೆ ಊರಿಗೆ, ಅವರ ಭಾಷೆಯ ಸಭೆಗೆ ಹೋಗ್ತಿದೆ. ನಾವು ಎಲ್ಲಿ ತಪ್ಪಿದ್ವಿ?

ಎಲ್ಲೂ ತಪ್ಪಲಿಲ್ಲ. ತಮ್ಮ ಭಾಷೆಯಲ್ಲಿ ಹಾಡುವ, ಮಕ್ಕಳಿಗೆ ಮದುವೆ ಮಾತಾಡುವ, ತೀರಿಕೊಂಡರೆ ಸರಿಯಾಗಿ ಅಳುವ ಜನ ಅವರಿಗೂ ಬೇಕು. ಎಲ್ಲಿಗೆ ಹೋಗಬೇಕೆಂದು ತಾವೇ ತೀರ್ಮಾನಿಸುವಷ್ಟು ಶಕ್ತಿ ಬಂದಿದೆ. ಆರಾಧನೆಯಲ್ಲಿ ಅವರ ಮೇಲೆ ಕೈಯಿಟ್ಟು ಪ್ರಾರ್ಥಿಸಿ. ಹೊಸ ಊರಿನ ಆಸ್ಪತ್ರೆಗೆ ಕೊಡಲು ವೈದ್ಯಕೀಯ ದಾಖಲೆಗಳು, ಮಕ್ಕಳ ಶಾಲೆಯ ಪತ್ರಗಳು ಕೈ ಸೇರಿವೆಯೇ ಎಂದು ನೋಡಿ. ಸಾಮಾನು ಹೊರಲು ಶನಿವಾರ ನಾಲ್ಕು ಜನ ಹೋಗಿ. ನಮ್ಮಲ್ಲಿಗೆ ಬಂದ ಮೊದಲ ಕುಟುಂಬ ಹೊರಟಾಗ, ಮನೆ ಖಾಲಿಯಾದ ಮೇಲೆ ಆ ತಾಯಿ ಎರಡು ಕೀಲಿಗಳನ್ನೂ ನನ್ನ ಅಂಗೈಯಲ್ಲಿಟ್ಟು, ಮುಂದಿನವರು ಯಾವಾಗ ಬರುತ್ತಾರೆ ಎಂದು ಕೇಳಿದರು.